ಚೋಮ ಕೇಳಿದ್ದು ಗೇಣಿಗೆ ಒಂದು ತುಂಡು ಗದ್ದೆ

ಕಳೆದ ಮಳೆಗಾಲದ ಹೊತ್ತಿಗೆ ಊರಿಗೆ ಹೋಗುವಾಗ ಹೆದ್ದಾರಿಯ ಬದಿಯಲ್ಲಿ ದೊಡ್ಡದೊಂದು ಫಲಕ ಕಂಡಿತು. ಕಾಲು ಎಕರೆ, ಅರ್ಧ ಎಕರೆಯ ಫಾರ್ಮ್ ಪ್ಲಾಟುಗಳು ಮಾರಾಟಕ್ಕಿವೆ. ಬೇಲಿ, ಬೋರ್‌ವೆಲ್, ಹಣ್ಣಿನ ಗಿಡ, ಅವನ್ನು ನೋಡಿಕೊಳ್ಳುವ ಆಳು ಎಲ್ಲವನ್ನೂ ಮಾರುವವರೇ ಒದಗಿಸುತ್ತಾರೆ. ಕೊಂಡವರು ವಾರಕ್ಕೊಮ್ಮೆ ಬಂದು ಹೋದರೆ ಸಾಕು. ಫಲಕದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಮರಳಿ ಮಣ್ಣಿಗೆ’ ಎಂದು ಬರೆದಿತ್ತು. ಅದು ಶಿವರಾಮ ಕಾರಂತರ ಕಾದಂಬರಿಯ ಹೆಸರೆಂದು ಬರೆಸಿದವರಿಗೆ ಗೊತ್ತಿತ್ತೋ ಇಲ್ಲವೋ. ಬಸ್ಸು ಮುಂದೆ ಹೋದ ಮೇಲೂ ಆ ಎರಡು ಪದ ತಲೆಯಲ್ಲಿ ಕೊರೆಯುತ್ತಲೇ ಇದ್ದವು. ಯಾಕೆಂದರೆ ನಾನು ಊರಿಗೆ ಹೊರಟದ್ದೇ ನಮ್ಮ ಮನೆಯ ಒಂದೂವರೆ ಎಕರೆ ಗದ್ದೆಯನ್ನು ಏನು ಮಾಡುವುದೆಂದು ಅಣ್ಣತಮ್ಮಂದಿರು ಕೂತು ಮಾತಾಡುವುದಕ್ಕೆ.

ಆ ಗದ್ದೆ ಹಡಿಲು ಬಿದ್ದು ಆರು ವರ್ಷವಾಯಿತು. ಅಪ್ಪ ಹೋದ ಮೇಲೆ ಇಬ್ಬರು ಊರು ಬಿಟ್ಟವರು, ಊರಲ್ಲಿ ಉಳಿದವನಿಗೆ ಬೇರೆ ಕೆಲಸ. ಬದುವಿನ ಮೇಲೆ ಈಗ ಆಳೆತ್ತರದ ಪೊದೆ. ಬೆಂಗಳೂರಿನಿಂದ ಕೊಳ್ಳುವವರೊಬ್ಬರು ಬಂದು ನೋಡಿ ಹೋಗಿದ್ದಾರೆ. ಕೊಡುತ್ತೇವೆಂದ ಬೆಲೆ ಕೇಳಿದರೆ ಇಷ್ಟು ವರ್ಷ ಬೆಳೆದ ಭತ್ತದ ಲೆಕ್ಕವೆಲ್ಲ ತಮಾಷೆಯಂತೆ ಕಾಣುತ್ತದೆ. ಸಣ್ಣ ರೈತರ ಪರವಾಗಿ, ಕುಟುಂಬದ ಬೇಸಾಯದ ಪರವಾಗಿ ನಾನು ಸಭೆಗಳಲ್ಲಿ ಮಾತಾಡಿದ್ದಿದೆ, ಬರೆದದ್ದೂ ಇದೆ. ಈಗ ಆ ಮಾತೆಲ್ಲ ನಮ್ಮ ಮನೆಯ ಜಗಲಿಗೇ ಬಂದು ಕೂತಿತ್ತು. ಊರಲ್ಲಿದ್ದ ನಾಲ್ಕು ದಿನ, ಅಪ್ಪನ ಕಪಾಟಿನಲ್ಲಿದ್ದ ಕಾರಂತರ ಎರಡು ಕಾದಂಬರಿಗಳನ್ನು ಮತ್ತೆ ಓದಿದೆ: ‘ಮರಳಿ ಮಣ್ಣಿಗೆ’ ಮತ್ತು ‘ಚೋಮನ ದುಡಿ’. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಓದಿದ್ದ ಪುಸ್ತಕಗಳಿವು. ಒಂದರ ಬೆನ್ನಿಗೆ ಇನ್ನೊಂದನ್ನು ಓದಿದಾಗ, ಸಣ್ಣ ಹಿಡುವಳಿಯ ಪರವಾಗಿ ನಾವು ಆಡುವ ಮಾತಿನಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಸ್ಪಷ್ಟವಾಯಿತು. ಈ ಬರಹ ಅದರ ಬಗ್ಗೆ.

ಎರಡೂ ಕಾದಂಬರಿಗಳು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯವು. ‘ಚೋಮನ ದುಡಿ’ 1930ರ ದಶಕದ ಆರಂಭದ್ದು, ‘ಮರಳಿ ಮಣ್ಣಿಗೆ’ ಅದಾಗಿ ಹತ್ತು ವರ್ಷದೊಳಗೆ ಬಂದದ್ದು. ಒಂದರಲ್ಲಿ ಗದ್ದೆ ಇದೆ, ಉಳಿಯುವುದೇ ಕಷ್ಟ. ಇನ್ನೊಂದರಲ್ಲಿ ಗದ್ದೆಯೇ ಇಲ್ಲ. ನಮ್ಮ ವಿಮರ್ಶೆ ಮೊದಲನೆಯದನ್ನು ಮೂರು ತಲೆಮಾರಿನ ಮಹಾಕಥನವೆಂದೂ ಎರಡನೆಯದನ್ನು ಅಸ್ಪೃಶ್ಯತೆಯ ದುರಂತವೆಂದೂ ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದೆ. ಬೇಸಾಯದ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ ಇವೆರಡೂ ಒಂದೇ ಪುಸ್ತಕದ ಎರಡು ಭಾಗಗಳ ಹಾಗೆ ಕಾಣುತ್ತವೆ.

ಮೊದಲು ‘ಮರಳಿ ಮಣ್ಣಿಗೆ’. ಕೋಡಿ ಎಂಬ ಊರು ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಮರಳಿನ ಪಟ್ಟಿ. ಉಪ್ಪುನೀರಿನ ಪಕ್ಕದಲ್ಲಿ ಭತ್ತ ಬೆಳೆಯಬೇಕು. ರಾಮ ಐತಾಳರದು ದೊಡ್ಡ ಆಸ್ತಿಯ ಮನೆಯೇನಲ್ಲ. ಐತಾಳರು ಪೌರೋಹಿತ್ಯಕ್ಕೆ ಊರೂರು ಸುತ್ತುತ್ತಾರೆ. ಹಾಗಾದರೆ ಗದ್ದೆಯ ಕೆಲಸ ಮಾಡುವವರು ಯಾರು? ಹೆಂಡತಿ ಪಾರೋತಿ ಮತ್ತು ವಿಧವೆಯಾಗಿ ತವರಲ್ಲೇ ಉಳಿದ ತಂಗಿ ಸರಸೋತಿ. ಗೊಬ್ಬರಕ್ಕೆ ಸೊಪ್ಪು ಹೊರುವುದು, ಮಳೆಗಾಲದ ನೆರೆಯಲ್ಲಿ ತೇಲಿ ಬರುವ ಕಟ್ಟಿಗೆ ಹಿಡಿಯುವುದು, ಹಟ್ಟಿ, ಅಡುಗೆ, ಮಡಿ ಎಲ್ಲವೂ ಈ ಇಬ್ಬರ ಪಾಲಿಗೆ. ಈ ಹೆಂಗಸರ ದುಡಿಮೆಯನ್ನು ಕಾರಂತರು ಹೊಗಳುವುದಕ್ಕೆ ಹೋಗುವುದಿಲ್ಲ. ಪುಟಗಟ್ಟಲೆ ವಿವರವಾಗಿ, ಹೆಚ್ಚು ಕಡಿಮೆ ಒಂದೇ ಧಾಟಿಯಲ್ಲಿ ಹೇಳುತ್ತಾ ಹೋಗುತ್ತಾರೆ. ಹದಿಹರೆಯದಲ್ಲಿ ಓದುವಾಗ ಈ ಭಾಗ ನನಗೆ ಬೇಸರ ತರಿಸಿತ್ತು. ಆ ಬೇಸರವೇ ಅವರಿಬ್ಬರ ಬದುಕು ಎಂದು ಈಗ ಹೊಳೆಯಿತು.

ನೆರೆಯ ಶೀನಮಯ್ಯರ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ಹಿಡಿದು ಹಣ ಮಾಡತೊಡಗಿದಾಗ ಐತಾಳರ ಸಮಾಧಾನ ಹೋಗುತ್ತದೆ. ಮಗ ಲಚ್ಚ ಇಂಗ್ಲಿಷು ಓದಿ ದೊಡ್ಡವನಾಗಬೇಕು ಎಂಬ ಆಸೆ ಹುಟ್ಟುವುದೂ ಅಂಥ ವಾತಾವರಣದಲ್ಲೇ. ಲಚ್ಚ ಓದುತ್ತಾನೆ, ಕೆಡುತ್ತಾನೆ, ಅವನ ಕೈಯಲ್ಲಿ ಆಸ್ತಿ ಕರಗುತ್ತದೆ. ಅವನ ಹೆಂಡತಿ ನಾಗವೇಣಿಯ ಮೈಗೂ ಅವನ ರೋಗ ದಾಟುತ್ತದೆ. ಕೊನೆಗೆ ಮದರಾಸಿನಲ್ಲಿ ಓದಿ, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು, ಕೆಲಸಕ್ಕಾಗಿ ಮುಂಬಯಿಯಲ್ಲಿ ಅಲೆದ ಮೊಮ್ಮಗ ರಾಮ ಕೋಡಿಗೆ ಹಿಂತಿರುಗುತ್ತಾನೆ. ಹೆಸರಿನಲ್ಲಿರುವ ‘ಮರಳಿ’ ಅವನಿಗೆ ಸಂಬಂಧಿಸಿದ್ದು. ಪಾರೋತಿ, ಸರಸೋತಿಯರಿಗೆ ಆ ಪದ ಅನ್ವಯಿಸುವುದಿಲ್ಲ. ಮಣ್ಣು ಬಿಟ್ಟು ಹೋದವರಿಗೆ ಮಾತ್ರ ಮರಳುವ ಮಾತು. ಈ ಹೆಂಗಸರು ಹೋದದ್ದೇ ಇಲ್ಲ. ಅವರು ಬಿಡದೆ ಹಿಡಿದುಕೊಂಡಿದ್ದರಿಂದ, ಅವರ ಬಳಿಕ ನಾಗವೇಣಿ ಸೋಲದೆ ನಿಂತದ್ದರಿಂದ, ರಾಮನಿಗೆ ಮರಳುವುದಕ್ಕೆ ಒಂದು ಜಾಗ ಉಳಿಯಿತು.

ಹೆದ್ದಾರಿಯ ಫಲಕ ಬರೆಸಿದವರು ಕಾದಂಬರಿಯ ಹೆಸರನ್ನು ತೆಗೆದುಕೊಂಡು ಈ ಭಾಗವನ್ನು ಬಿಟ್ಟುಬಿಟ್ಟರು. ಬರೀ ಅವರನ್ನೇ ಅಂದು ಫಲವಿಲ್ಲ. ಸಣ್ಣ ಬೇಸಾಯವನ್ನು ಹಾಡಿಹೊಗಳುವ ನಮ್ಮ ಲೇಖನ, ಭಾಷಣ, ಫೇಸ್‌ಬುಕ್ ಬರಹಗಳಲ್ಲೂ ಮರಳುವ ಗಂಡಸೇ ಕಥಾನಾಯಕ. ಸಾಫ್ಟ್‌ವೇರ್ ಕೆಲಸ ಬಿಟ್ಟು ತೋಟಕ್ಕೆ ಬಂದವನ ಸಂದರ್ಶನ ನಾವು ಎಷ್ಟು ಓದಿಲ್ಲ? ಆ ತೋಟದ ಪಕ್ಕದ ಮನೆಯಲ್ಲಿ ನಲವತ್ತು ವರ್ಷದಿಂದ ಹಟ್ಟಿ ಬಾಚುತ್ತಿರುವವಳ ಸಂದರ್ಶನ ನಾನಂತೂ ಓದಿಲ್ಲ.

ಇದು ಬರೀ ಭಾವನೆಯ ವಿಷಯವೂ ಅಲ್ಲ, ಇದರಲ್ಲಿ ಅರ್ಥಶಾಸ್ತ್ರವೂ ಇದೆ. ಸಣ್ಣ ಹಿಡುವಳಿಯ ಪರವಾಗಿ ಇರುವ ಬಲವಾದ ವಾದಗಳಲ್ಲಿ ಒಂದು, ಸಣ್ಣ ಹೊಲ ಎಕರೆವಾರು ಲೆಕ್ಕದಲ್ಲಿ ದೊಡ್ಡ ಹೊಲಕ್ಕಿಂತ ಹೆಚ್ಚು ಬೆಳೆಯುತ್ತದೆ ಎಂಬುದು. ಭಾರತದ ಕೃಷಿ ಅಧ್ಯಯನಗಳ ಅಂಕಿಗಳನ್ನು ಇಟ್ಟುಕೊಂಡು ಅಮರ್ತ್ಯ ಸೇನ್ 1962ರಲ್ಲೇ ಇದನ್ನು ಚರ್ಚೆಗೆ ತಂದರು. ಕಾರಣವನ್ನೂ ಅವರು ಹೇಳಿದರು: ಕುಟುಂಬದ ಬೇಸಾಯದಲ್ಲಿ ಮನೆಯವರ ದುಡಿಮೆಗೆ ಕೂಲಿಯ ಲೆಕ್ಕವಿಲ್ಲ. ಕೂಲಿ ಕೊಟ್ಟು ಮಾಡಿಸುವವನು ನಿಲ್ಲಿಸುವ ಕಡೆ ಮನೆಯವರು ನಿಲ್ಲಿಸುವುದಿಲ್ಲ, ಇನ್ನೊಂದು ಸುತ್ತು ಕಳೆ ಕೀಳುತ್ತಾರೆ. ಅದಕ್ಕೂ ಮೊದಲು, 1920ರ ದಶಕದಲ್ಲಿ, ರಷ್ಯದ ಅಲೆಕ್ಸಾಂಡರ್ ಚಯಾನೋವ್ ರೈತ ಕುಟುಂಬದ ಆರ್ಥಿಕತೆಯನ್ನು ವಿವರಿಸುತ್ತ ಇಂಥದೇ ಮಾತು ಹೇಳಿದ್ದ. ರೈತ ಕುಟುಂಬ ಲಾಭ ನೋಡಿ ದುಡಿಯುವುದಿಲ್ಲ. ಮನೆಯಲ್ಲಿ ಎಷ್ಟು ಬಾಯಿ ಇವೆ, ಮೈ ಎಷ್ಟು ತಡೆಯುತ್ತದೆ ಎಂಬ ಎರಡರ ನಡುವೆ ಅದರ ಲೆಕ್ಕ ನಿಲ್ಲುತ್ತದೆ. ತನ್ನನ್ನು ತಾನೇ ಸುಲಿದುಕೊಳ್ಳುವ ಗುಣ ಅದಕ್ಕಿದೆ. ಚಯಾನೋವ್ ಸಣ್ಣ ರೈತನ ವೈರಿಯಾಗಿರಲಿಲ್ಲ. 1920ರಲ್ಲಿ ರೈತರೇ ಕಟ್ಟಿದ ನಾಡನ್ನು ಕಲ್ಪಿಸಿಕೊಂಡು ಒಂದು ಸಣ್ಣ ಕಾದಂಬರಿಯನ್ನೂ ಬರೆದಿದ್ದ. ಅದರ ಕಥೆ ನಡೆಯುವುದು 1984ರಲ್ಲಿ. ಸ್ಟಾಲಿನ್ ಆಡಳಿತ ಅವನನ್ನು 1930ರಲ್ಲಿ ಬಂಧಿಸಿ 1937ರಲ್ಲಿ ಗುಂಡಿಕ್ಕಿ ಕೊಂದಿತು.

ಸೇನ್ ಮತ್ತು ಚಯಾನೋವ್ ಹೇಳಿದ್ದನ್ನು ಕೋಡಿಯ ಗದ್ದೆಗೆ ತಂದು ನೋಡಿ. ಎಕರೆಗೆ ಹೆಚ್ಚು ಬೆಳೆಯುವ ಸಣ್ಣ ಹೊಲದ ಹೆಮ್ಮೆ ಇದೆಯಲ್ಲ, ಅದು ಸರಸೋತಿಯ ಬೆನ್ನು. ಆ ಬೆನ್ನಿಗೆ ಪಹಣಿಯಲ್ಲಿ ಹೆಸರಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ಭಾರತದ ಒಟ್ಟು ಹಿಡುವಳಿಗಳಲ್ಲಿ ಸುಮಾರು ಶೇ. 86 ಎರಡು ಹೆಕ್ಟೇರಿಗಿಂತ ಸಣ್ಣವು. ಅದೇ ಗಣತಿಯಲ್ಲಿ ಹೆಂಗಸರು ನಡೆಸುವ ಹಿಡುವಳಿಗಳ ಪಾಲು ಶೇ. 14ರಷ್ಟು. ಸಣ್ಣ ರೈತರ ದೇಶ ನಮ್ಮದು ಎನ್ನುವಾಗ ನಮ್ಮ ಕಣ್ಣ ಮುಂದೆ ಬರುವ ಚಿತ್ರದಲ್ಲಿ ಪಂಚೆ ಉಟ್ಟವನೊಬ್ಬ ನೇಗಿಲು ಹಿಡಿದಿರುತ್ತಾನೆ. ಆ ಚಿತ್ರ ಸುಳ್ಳಲ್ಲ, ಅರ್ಧ ಮಾತ್ರ.

ಹೀಗೆಂದರೆ ಸಣ್ಣ ಬೇಸಾಯ ಬೇಡ, ದೊಡ್ಡ ಕಂಪನಿಗಳೇ ಭೂಮಿ ನೋಡಿಕೊಳ್ಳಲಿ ಎಂದು ನನ್ನ ಮಾತಿನ ಅರ್ಥವಲ್ಲ. ಆ ದಾರಿ ಹಿಡಿದವರ ಕಥೆ ನಮ್ಮೆದುರಿಗಿದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಕೃಷಿ ಸಚಿವನಾಗಿದ್ದ ಅರ್ಲ್ ಬಟ್ಜ್ ರೈತರಿಗೆ ಹೇಳುತ್ತಿದ್ದದ್ದು, ದೊಡ್ಡವರಾಗಿ, ಇಲ್ಲವಾದರೆ ಜಾಗ ಖಾಲಿ ಮಾಡಿ ಎಂಬ ಮಾತನ್ನು. ಅದಕ್ಕೆ ಉತ್ತರವಾಗಿ ಕೆಂಟಕಿಯ ಲೇಖಕ, ಸ್ವತಃ ಸಣ್ಣ ರೈತ ವೆಂಡೆಲ್ ಬೆರ್ರಿ 1977ರಲ್ಲಿ ‘ದಿ ಅನ್‌ಸೆಟ್ಲಿಂಗ್ ಆಫ್ ಅಮೆರಿಕ’ ಬರೆದ. ಹೊಲಗಳು ದೊಡ್ಡದಾದಷ್ಟೂ ಊರುಗಳು ಸಣ್ಣದಾಗುತ್ತವೆ ಎಂಬುದು ಅವನ ಜೀವಮಾನದ ವಾದ. ಅದಕ್ಕಿಂತ ಮುಂಚೆಯೇ ಒಬ್ಬ ಮಾನವಶಾಸ್ತ್ರಜ್ಞ ಇದನ್ನು ಊರು ಸುತ್ತಿ ನೋಡಿದ್ದ. 1940ರ ದಶಕದಲ್ಲಿ ವಾಲ್ಟರ್ ಗೋಲ್ಡ್‌ಸ್ಮಿತ್ ಕ್ಯಾಲಿಫೋರ್ನಿಯದ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ಅಧ್ಯಯನ ಮಾಡಿದ. ಅರ್ವಿನ್ ಎಂಬ ಊರಿನ ಸುತ್ತ ದೊಡ್ಡ ದೊಡ್ಡ ಹೊಲಗಳು. ಡಿನೂಬ ಎಂಬ ಊರಿನ ಸುತ್ತ ಕುಟುಂಬಗಳ ಸಣ್ಣ ಹೊಲಗಳು. ಎರಡೂ ಕಡೆ ಬೆಳೆಯ ಒಟ್ಟು ಬೆಲೆ ಹೆಚ್ಚು ಕಡಿಮೆ ಒಂದೇ. ಆದರೆ ಡಿನೂಬದಲ್ಲಿ ಅಂಗಡಿಗಳು ಹೆಚ್ಚು, ಶಾಲೆಗಳು ಹೆಚ್ಚು, ಪಾರ್ಕು, ಸಂಘ, ಸಂಸ್ಥೆಗಳು ಹೆಚ್ಚು. ಊರಿನ ವಿಷಯವನ್ನು ಊರವರೇ ಕೂತು ತೀರ್ಮಾನಿಸುವ ರೂಢಿಯೂ ಅಲ್ಲೇ ಹೆಚ್ಚು.

ಸಣ್ಣ ಹೊಲ ಊರನ್ನು ಉಳಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ಗೋಲ್ಡ್‌ಸ್ಮಿತ್ ಕಂಡದ್ದರಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಸಣ್ಣ ರೈತರ ಪರ ವಾದಿಸುವವರು ಕೆಲವೊಮ್ಮೆ ಜಿಗಿದು ಹೋಗುತ್ತಾರೆ. ಅರ್ವಿನ್ ಬಡವಾಗಿ ಕಂಡದ್ದು ಹೊಲದ ಅಳತೆಯಿಂದಷ್ಟೇ ಅಲ್ಲ. ಅಲ್ಲಿ ಹೊಲದಲ್ಲಿ ದುಡಿಯುವವರಲ್ಲಿ ಬಹುಪಾಲು ಜನ ಭೂಮಿಯಿಲ್ಲದ ಕೂಲಿಗಳು. ಊರಿನಲ್ಲಿ ಅವರಿಗೆ ಬೇರು ಇಲ್ಲ, ಮಾತಿಗೆ ಬೆಲೆ ಇಲ್ಲ, ನಾಳೆ ಎಲ್ಲಿರುತ್ತೇವೆಂಬ ಖಾತರಿ ಇಲ್ಲ. ಅರ್ವಿನ್ ಎಂದರೆ ಚೋಮರೇ ತುಂಬಿದ ಊರು. ಇದನ್ನು ಒಪ್ಪಿದರೆ ನಮ್ಮ ಹಳ್ಳಿಗಳ ಬಗ್ಗೆ ಒಂದು ಕಹಿ ಪ್ರಶ್ನೆ ಏಳುತ್ತದೆ. ಸುತ್ತಲೂ ಸಣ್ಣ ಹೊಲಗಳೇ ಇದ್ದರೂ ಊರಿನ ಒಂದು ಕೇರಿ ಪೂರ್ತಿ ಭೂಮಿಯಿಲ್ಲದವರದ್ದಾದರೆ, ಆ ಊರು ಡಿನೂಬವೋ ಅರ್ವಿನ್ನೋ?

ಇಲ್ಲಿಂದ ‘ಚೋಮನ ದುಡಿ’ಗೆ ಬರಬೇಕು. ಬಿ.ವಿ. ಕಾರಂತರು 1975ರಲ್ಲಿ ಇದನ್ನು ಸಿನಿಮಾ ಮಾಡಿ, ಅದಕ್ಕೆ ಸ್ವರ್ಣ ಕಮಲ ಬಂದ ಮೇಲೆ ಕಾದಂಬರಿ ಓದದವರಿಗೂ ಚೋಮನ ಮುಖ ಗೊತ್ತು. ಆದರೆ ಚೋಮ ಕೇಳಿದ್ದೇನು ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಸರಿಯಾಗಿ ನೆನಪಿದೆ? ಸಂಕಪ್ಪಯ್ಯನ ಆಸ್ತಿಯಲ್ಲಿ ಪಾಲು ಕೇಳಲಿಲ್ಲ, ಒಡೆತನ ಕೇಳಲಿಲ್ಲ. ಬೇರೆ ಒಕ್ಕಲುಗಳ ಹಾಗೆ ತಾನೂ ಒಂದು ತುಂಡು ಗದ್ದೆಯನ್ನು ಗೇಣಿಗೆ ಹಿಡಿದು ಬೇಸಾಯ ಮಾಡಬೇಕು ಎನ್ನುವುದಷ್ಟೇ ಅವನ ಆಸೆ. ಅವನ ಹತ್ತಿರ ಎರಡು ಎತ್ತುಗಳಿವೆ. ಸಾಲ ತೀರಿಸಲು ಅವನ್ನು ಮಾರಬಹುದು, ಮಾರುವುದಿಲ್ಲ. ಉಳುವ ಮೈ ಇದೆ, ಉಳುವ ಎತ್ತು ಇದೆ, ಉಳಲು ನೆಲವಿಲ್ಲ. ಸಂಕಪ್ಪಯ್ಯನ ಮನಸ್ಸು ಒಂದು ಗಳಿಗೆ ಕರಗುತ್ತದೆ, ಆದರೆ ಮನೆಯ ಹಿರಿಯ ತಾಯಿ ಒಪ್ಪುವುದಿಲ್ಲ. ಹೊಲೆಯನಿಗೆ ಗದ್ದೆ ಕೊಡುವುದು ನಡೆದು ಬಂದದ್ದಲ್ಲ. ಅಷ್ಟೇ ಕಾರಣ.

ಉಳಿದದ್ದೆಲ್ಲ ಈ ಒಂದು ನಿರಾಕರಣೆಯ ಹಿಂದೆ ಬರುತ್ತದೆ. ಘಟ್ಟದ ಮೇಲಿನ ಕಾಫಿ ತೋಟದ ಸಾಲ ತೀರಿಸಲು ಹೋದ ಗಂಡುಮಕ್ಕಳಲ್ಲಿ ಒಬ್ಬ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯ ಜೊತೆ ಬೇರೆ ದಾರಿ ಹಿಡಿಯುತ್ತಾನೆ. ಮಗಳು ಬೆಳ್ಳಿ ಅದೇ ತೋಟಕ್ಕೆ ಹೋಗುತ್ತಾಳೆ, ಅವಳ ಮೈಯೇ ಸಾಲದ ಲೆಕ್ಕ ಚುಕ್ತಾ ಮಾಡುತ್ತದೆ. ಕಿರಿಯ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮುಟ್ಟಬಾರದೆಂದು ನಿಂತು ನೋಡುತ್ತಾರೆ. ಧರ್ಮ ಬದಲಿಸಿದರೆ ಗದ್ದೆ ಸಿಕ್ಕೀತು ಎಂದು ಹೊರಟ ಚೋಮನನ್ನು ಪಂಜುರ್ಲಿಯ ಭಯ ದಾರಿಯಲ್ಲೇ ಹಿಂದಕ್ಕೆ ಎಳೆಯುತ್ತದೆ. ಕೊನೆಗೆ ಅವನು ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ. ದುಡಿ ಎಂದರೆ ವಾದ್ಯ, ದುಡಿ ಎಂದರೆ ಕೆಲಸ ಮಾಡು ಎಂಬ ಆಜ್ಞೆಯೂ ಹೌದು. ಚೋಮನಿಗೆ ಊರು ಜೀವಮಾನವಿಡೀ ಹೇಳಿದ್ದು ಎರಡನೆಯದನ್ನು.

ಐತಾಳರ ಮನೆಗೂ ಚೋಮನ ಗುಡಿಸಲಿಗೂ ನಡುವೆ ಇರುವ ಸಮಾನ ಸಂಗತಿ ಹೆಂಗಸರ ಮೈ. ನಾಗವೇಣಿ ಗಂಡನ ರೋಗ ಹೊತ್ತಳು, ಬೆಳ್ಳಿ ಅಪ್ಪನ ಸಾಲ ಹೊತ್ತಳು. ಆದರೂ ಒಂದು ವ್ಯತ್ಯಾಸವಿದೆ. ನಾಗವೇಣಿಗೆ, ಎಷ್ಟೇ ಕಷ್ಟಪಟ್ಟರೂ, ಕೊನೆಯಲ್ಲಿ ಮಗನ ಜೊತೆ ನಿಲ್ಲಲು ಒಂದಿಷ್ಟು ಮಣ್ಣು ಇದೆ. ಬೆಳ್ಳಿಗೆ ಅದಿಲ್ಲ. ಒಂದು ತುಂಡು ಭೂಮಿ ಬದುಕಿನಲ್ಲಿ ಏನು ಮಾಡುತ್ತದೆ ಎನ್ನುವುದಕ್ಕೆ ಕಾರಂತರ ಈ ಇಬ್ಬರು ಹೆಂಗಸರನ್ನು ಅಕ್ಕಪಕ್ಕ ನಿಲ್ಲಿಸಿದರೆ ಸಾಕು. ಮಣ್ಣು ಇದ್ದವಳನ್ನೂ ಬದುಕು ಹಿಂಡಿತು, ಆದರೆ ಅವಳಿಗೆ ಸೋತ ಮೇಲೆ ಮತ್ತೆ ಶುರುಮಾಡಲು ಒಂದು ನೆಲೆ ಇತ್ತು.

ಈ ಕಾದಂಬರಿ ಬಂದು ನಾಲ್ಕು ದಶಕಗಳ ಬಳಿಕ, 1974ರ ಮಾರ್ಚ್ 1ರಿಂದ, ದೇವರಾಜ ಅರಸು ಸರ್ಕಾರದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಪದ್ಧತಿ ಹೋಯಿತು, ಉಳುವವನೇ ಹೊಲದೊಡೆಯನಾದ. ನಮ್ಮ ಮನೆಗೆ ಆ ಒಂದೂವರೆ ಎಕರೆ ಬಂದದ್ದೂ ಹಾಗೆಯೇ. ನನ್ನ ಅಜ್ಜ ಒಕ್ಕಲು. ಡಿಕ್ಲರೇಷನ್ ಕೊಟ್ಟು, ಟ್ರಿಬ್ಯೂನಲ್ಲಿಗೆ ನಡೆದು ನಡೆದು ಚಪ್ಪಲಿ ಸವೆಸಿ, ಕೊನೆಗೆ ಗದ್ದೆ ಅವನ ಹೆಸರಿಗಾಯಿತು. ಕರಾವಳಿಯಲ್ಲಿ ನಮ್ಮಂಥ ಸಾವಿರಾರು ಮನೆಗಳ ಮಕ್ಕಳು ಓದಿದ್ದು, ಊರು ಬಿಟ್ಟು ಹೋಗುವ ಧೈರ್ಯ ಮಾಡಿದ್ದು ಆ ಕಾಗದದ ಬಲದಿಂದ. ಸಣ್ಣ ಹಿಡುವಳಿ ಕುಟುಂಬವನ್ನು ಹೇಗೆ ಮೇಲೆತ್ತುತ್ತದೆ ಎಂಬುದಕ್ಕೆ ನಾನು ಪುಸ್ತಕ ಓದಬೇಕಿಲ್ಲ.

ಆದರೆ ಚೋಮನಿಗೆ ಆ ಕಾನೂನಿನಿಂದ ಏನು ಸಿಗುತ್ತಿತ್ತು? ಅವನು 1974ರವರೆಗೆ ಬದುಕಿದ್ದರೂ ಬಹುಶಃ ಏನೂ ಸಿಗುತ್ತಿರಲಿಲ್ಲ. ಕಾನೂನು ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಚೋಮನನ್ನು ಗೇಣಿದಾರನಾಗುವುದಕ್ಕೇ ಬಿಟ್ಟಿರಲಿಲ್ಲ. ಅವನು ಧಣಿಯ ಮೂಲದಾಳು, ಕೂಲಿ. ಉಳುವವನು ಎಂದು ಘೋಷಣೆ ಹೇಳಿತು, ಆದರೆ ಕಾಗದ ಕೇಳಿದ್ದು ಗೇಣಿಯ ಪುರಾವೆ. ಉತ್ತವನು, ಬಿತ್ತಿದವನು, ಆದರೆ ಗೇಣಿ ಕೊಟ್ಟವನಲ್ಲ ಎಂಬವರೆಲ್ಲ ಆ ಸಾಲಿನಿಂದ ಹೊರಗೆ ಉಳಿದರು. ಜಾತಿ ಮೊದಲು ಗೇಣಿಯ ಬಾಗಿಲು ಮುಚ್ಚಿತ್ತು, ಕಾನೂನು ಅದೇ ಗೇಣಿಯನ್ನು ಅರ್ಹತೆ ಮಾಡಿಕೊಂಡಿತು. ಕಾರಂತರು 1930ರ ದಶಕದಲ್ಲಿ ಬರೆದ ಆ ಸಣ್ಣ ನಿರಾಕರಣೆ ಎಷ್ಟು ದೂರ ಬಂತು ನೋಡಿ. 2011ರ ಜನಗಣತಿಯಲ್ಲಿ ದೇಶದ ಕೃಷಿ ಕೂಲಿಗಳ ಸಂಖ್ಯೆ 14 ಕೋಟಿ ದಾಟಿತ್ತು, ಸಾಗುವಳಿದಾರರು 12 ಕೋಟಿಗಿಂತ ಕಡಿಮೆ. ಹೊಲದಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಬೇರೆಯವರ ಹೊಲದ ಕೂಲಿಗಳು.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 1974ರ ತಿದ್ದುಪಡಿ ಹಳೆಯ ಗೇಣಿದಾರರಿಗೆ ಒಡೆತನ ಕೊಟ್ಟ ಜೊತೆಗೆ ಹೊಸ ಗೇಣಿ ಒಪ್ಪಂದಗಳಿಗೆ ಬಾಗಿಲು ಹಾಕಿತು. ಹಳೆಯ ಸುಲಿಗೆ ಮತ್ತೆ ತಲೆ ಎತ್ತಬಾರದೆಂಬ ಒಳ್ಳೆಯ ಉದ್ದೇಶ ಅದರ ಹಿಂದೆ ಇತ್ತು. ಆದರೆ ಇವತ್ತು ನಮ್ಮ ಊರಿನಲ್ಲಿ ಅದರ ಫಲ ಬೇರೆಯೇ. ಹಡಿಲು ಬಿದ್ದ ಗದ್ದೆಯನ್ನು ಮಾಡುವವರಿಗೆ ಕೊಡಲು ಮನೆಯವರಿಗೆ ಹೆದರಿಕೆ: ನಾಳೆ ಹಕ್ಕು ಕೇಳಿದರೆ? ಹಾಗಾಗಿ ಕೊಟ್ಟರೂ ಬಾಯಿಮಾತಿನಲ್ಲಿ, ಒಂದು ಬೆಳೆಯ ಮಟ್ಟಿಗೆ. ಅದಕ್ಕೆ ಕಾಗದವಿಲ್ಲ, ಬ್ಯಾಂಕಿನ ಸಾಲವಿಲ್ಲ, ಬೆಳೆ ಹೋದರೆ ಪರಿಹಾರವಿಲ್ಲ. ಇನ್ನು 2020ರಲ್ಲಿ ಇದೇ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಹೆದ್ದಾರಿಯ ಫಲಕ ಸಾಧ್ಯವಾದದ್ದು ಇಂಥ ಹವೆಯಲ್ಲಿ. ಎರಡನ್ನೂ ಸೇರಿಸಿ ಓದಿ: ಹಣವಿದ್ದು ಬೇಸಾಯ ಗೊತ್ತಿಲ್ಲದವನು ಗದ್ದೆ ಕೊಳ್ಳಬಹುದು, ಬೇಸಾಯ ಗೊತ್ತಿದ್ದು ಹಣವಿಲ್ಲದವನು ಅದೇ ಗದ್ದೆಯನ್ನು ಕಾಗದ ಮಾಡಿ ಗೇಣಿಗೆ ಹಿಡಿಯಲಾರ. ಚೋಮ ಇವತ್ತು ಬಂದು ಅದೇ ಪ್ರಶ್ನೆ ಕೇಳಿದರೆ ಸಂಕಪ್ಪಯ್ಯನ ತಾಯಿ ಬೇಕಾಗಿಲ್ಲ, ತಾಲ್ಲೂಕು ಕಚೇರಿಯೇ ಇಲ್ಲವೆನ್ನುತ್ತದೆ.

ಇಷ್ಟು ಹೇಳಿದ ಮೇಲೆ ಕಾರಂತರ ಬಗ್ಗೆಯೂ ಒಂದು ತಕರಾರು ಹೇಳಬೇಕು. ಚೋಮನ ಆಸೆಯನ್ನು ಅವರು ಒಬ್ಬನೇ ಮನುಷ್ಯನ ಗೀಳಿನ ಹಾಗೆ ಚಿತ್ರಿಸಿದ್ದಾರೆ. ಅವನ ಕೇರಿಯ ಇತರರಿಗೆ ಅಂಥ ಆಸೆ ಇತ್ತೇ? ಇದ್ದರೆ ಅವರು ಒಟ್ಟಿಗೆ ಸಂಕಪ್ಪಯ್ಯನ ಅಂಗಳಕ್ಕೆ ಹೋದರೆ ಏನಾಗುತ್ತಿತ್ತು? ಆ ಪ್ರಶ್ನೆ ಕಾದಂಬರಿಯೊಳಗೆ ಏಳುವುದೇ ಇಲ್ಲ. ಆ ಕಾಲದಲ್ಲಿ ಅದು ಸಾಧ್ಯವಿರಲಿಲ್ಲ ಎನ್ನಬಹುದು. ಆದರೂ ಚೋಮ ಒಂಟಿಯಾಗಿ ಸಾಯುವುದರಿಂದ ಓದುಗನಿಗೆ ಕಣ್ಣೀರು ಸುಲಭವಾಯಿತು, ಸಿಟ್ಟು ಕಷ್ಟವಾಯಿತು. ‘ಮರಳಿ ಮಣ್ಣಿಗೆ’ಯಲ್ಲೂ ಗದ್ದೆಯ ಆಳುಗಳು ಇದ್ದಾರೆ, ಆದರೆ ಕಥೆಯ ಬೆಳಕು ಅವರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ರಾಮ ಮಣ್ಣಿಗೆ ಮರಳಿದಾಗ ಆ ಮಣ್ಣಿನಲ್ಲಿ ಅವರ ಪಾಲೆಷ್ಟು ಎಂದು ಕೇಳುವುದಕ್ಕೆ ಮುಂದೆ ದಲಿತ ಸಾಹಿತ್ಯ, ದಲಿತ ಚಳವಳಿ ಬರಬೇಕಾಯಿತು.

1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಭೂಮಿಯ ಪ್ರಶ್ನೆಯನ್ನು ಬೀದಿಗೆ ತಂದಿತು. 1980ರಲ್ಲಿ ನರಗುಂದ, ನವಲಗುಂದದ ಗೋಲಿಬಾರಿನ ಬೆನ್ನಿಗೆ ರೈತ ಸಂಘ ಬೆಳೆಯಿತು. ಎರಡೂ ಕರ್ನಾಟಕದ ಹಳ್ಳಿಗಳ ಮುಖ ಬದಲಿಸಿದ ಚಳವಳಿಗಳು. ಆದರೆ ಬೆಳೆಗೆ ಬೆಲೆ ಕೇಳುವವನಿಗೂ ಕೂಲಿ ಹೆಚ್ಚಿಸು ಎನ್ನುವವನಿಗೂ ಒಂದೇ ಊರಿನಲ್ಲಿ ಜಗಳ ಬರುವುದು ಸಹಜ, ಬಂದೇ ಬಂತು. ದೇವನೂರ ಮಹಾದೇವ ಅವರು ಮತ್ತು ಕೆ.ಎಸ್. ಪುಟ್ಟಣ್ಣಯ್ಯ ಅವರು ಸರ್ವೋದಯ ಕರ್ನಾಟಕದ ಹೆಸರಲ್ಲಿ ಎರಡನ್ನೂ ಒಂದೇ ಚಾವಡಿಗೆ ತರಲು ನೋಡಿದ್ದನ್ನು ನಾನು ಕಾರಂತರ ಎರಡು ಕಾದಂಬರಿಗಳನ್ನು ಒಂದೇ ರಟ್ಟಿನೊಳಗೆ ಹೊಲಿಯುವ ಪ್ರಯತ್ನದಂತೆ ನೋಡುತ್ತೇನೆ. ರಾಜಕೀಯದಲ್ಲಿ ಅದು ದೊಡ್ಡ ಗೆಲುವು ತರಲಿಲ್ಲ. ಆದರೆ ಸಣ್ಣ ಬೇಸಾಯದ ಪರ ಮಾತಾಡುವವರಿಗೆ ಬೇರೆ ಗಟ್ಟಿ ದಾರಿ ನನಗೆ ಕಾಣುವುದಿಲ್ಲ.

ಹಾಗೆ ಹೊಲಿದ ಪುಸ್ತಕ ಓದಿದವರು ಏನು ಕೇಳಬೇಕು? ಒಂದು, ಕುಟುಂಬದ ಹಿಡುವಳಿ ಎಂದಾಗ ಕುಟುಂಬದ ಹೆಂಗಸರ ಹೆಸರು ಪಹಣಿಯಲ್ಲಿ ಇರಬೇಕು. ಎರಡು, ಹಡಿಲು ಬಿದ್ದ ಗದ್ದೆಯನ್ನು ಭೂಮಿಯಿಲ್ಲದವರು ಗೇಣಿಗೆ ಹಿಡಿಯಲು ಇಬ್ಬರಿಗೂ ಹೆದರಿಕೆಯಿಲ್ಲದ ಒಂದು ಕಾಗದ ಬೇಕು. ಇದು ಕನಸೇನಲ್ಲ. ಗಡಿಯ ಆಚೆ ಕೇರಳದಲ್ಲಿ ಕುಡುಂಬಶ್ರೀಯ ಹೆಂಗಸರು ಗುಂಪು ಕಟ್ಟಿಕೊಂಡು ಪಾಳು ಬಿದ್ದ ಗದ್ದೆಗಳನ್ನು ಗೇಣಿಗೆ ಹಿಡಿದು ಭತ್ತ, ತರಕಾರಿ ಬೆಳೆಯುತ್ತಿದ್ದಾರೆ. ತೆಲಂಗಾಣದ ಜಹೀರಾಬಾದ್ ಕಡೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಬಹುಪಾಲು ದಲಿತ ಹೆಂಗಸರು ಬಂಜರೆಂದು ಬಿಟ್ಟ ನೆಲದಲ್ಲಿ ಸಿರಿಧಾನ್ಯ ಬೆಳೆದು, ಬೀಜವನ್ನು ತಾವೇ ಕಾಪಾಡಿಕೊಂಡು ಬಂದಿದ್ದಾರೆ. ಚೋಮ ಒಂಟಿಯಾಗಿ ಕೇಳಿ ಸೋತದ್ದನ್ನು ಇವರು ಗುಂಪಾಗಿ ಕೇಳಿ ಪಡೆದಿದ್ದಾರೆ. ಮೂರು, ಬೇಸಾಯದ ಊರು ಎಂದರೆ ಗದ್ದೆಯವರ ಮನೆಗಳಷ್ಟೇ ಅಲ್ಲ, ಗದ್ದೆಯಲ್ಲಿ ದುಡಿದವರ ಕೇರಿಯೂ ಸೇರಿದರೇ ಊರು ಎಂಬುದನ್ನು ನಮ್ಮ ಬರಹಗಳು ನೆನಪಿಡಬೇಕು. ಇಲ್ಲವಾದರೆ ನಾವು ಮಾಡುತ್ತಿರುವುದು ನಮ್ಮ ಅಜ್ಜಂದಿರ ಕಾಗದದ ಪೂಜೆ ಮಾತ್ರ.

ಊರಲ್ಲಿ ನಮ್ಮ ಮಾತುಕತೆ ಮುಗಿಯಲಿಲ್ಲ. ಒಬ್ಬನಿಗೆ ಮಾರಿದರೆ ಸಾಲ ತೀರುತ್ತದೆ, ಇನ್ನೊಬ್ಬನಿಗೆ ಅಪ್ಪನ ನೆನಪು. ನನಗೆ ಸಭೆಗಳಲ್ಲಿ ಆಡಿದ ಮಾತಿನ ಮುಜುಗರ. ಹೊರಡುವ ದಿನ ಬೆಳಿಗ್ಗೆ ಗದ್ದೆಯ ಕಡೆ ಹೋದೆ. ನಮ್ಮ ಗದ್ದೆಯಲ್ಲಿ ನಲವತ್ತು ವರ್ಷ ನೇಜಿ ನೆಟ್ಟವಳು, ಅಮ್ಮನಿಗಿಂತ ಎರಡು ವರ್ಷ ಕಿರಿಯಳು, ಬದುವಿನ ಪೊದೆಯಲ್ಲಿ ದನಕ್ಕೆ ಹುಲ್ಲು ಕೊಯ್ಯುತ್ತಿದ್ದಳು. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಏಡಿ ಬದು ಕೊರೆಯುತ್ತದೆ ಎಂಬುದು ಆ ಗದ್ದೆಯ ಒಡೆಯರಾದ ನಮ್ಮ ಮೂವರಿಗೆ ಗೊತ್ತಿಲ್ಲ, ಅವಳಿಗೆ ಗೊತ್ತು. ನನ್ನನ್ನು ಕಂಡು ಕತ್ತಿ ಕೆಳಗಿಟ್ಟು ಕೇಳಿದಳು:

“ಗದ್ದಿ ಮಾರ್ತ್ರಿ ಅಂಬ್ರಲ, ಹೌದಾ? ಮಾರೂಕ್ ಮುಂಚೆ ಒಂದ್ ಬೆಳಿ ನಾವ್ ಮಾಡ್ಲಕ್ಕಾ?”

ಒಂದು ಬೆಳೆ. ಗೇಣಿಗೆ. ಚೋಮ ಕೇಳಿದ್ದಕ್ಕಿಂತಲೂ ಕಡಿಮೆ. ಅಣ್ಣನನ್ನು ಕೇಳಿ ಹೇಳುತ್ತೇನೆ ಎಂದೆ. ಬಸ್ಸಿನಲ್ಲಿ ಕೂತ ಮೇಲೆ ಆ ಉತ್ತರವನ್ನು ನಾನು ಎಲ್ಲೋ ಓದಿದ್ದೇನೆ ಅನ್ನಿಸಿತು. ಮನೆಯ ಹಿರಿಯರನ್ನು ಮುಂದಿಟ್ಟುಕೊಂಡು ಸಂಕಪ್ಪಯ್ಯನೂ ಹೀಗೆಯೇ ಜಾರಿಕೊಂಡದ್ದು. ಮುಂದಿನ ನಿಲ್ದಾಣ ಬರುವ ಮೊದಲು ಅಣ್ಣನಿಗೆ ಫೋನು ಮಾಡಿದೆ. ಮಾರುವ ಮಾತು ಆಮೇಲೆ ಇರಲಿ, ಈ ಮಳೆಗೆ ಗದ್ದೆ ಅವಳಿಗೆ ಬಿಡೋಣ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಣ್ಣ ಕೇಳಿದ: “ಕಾಗದ ಮಾಡೂದಾ, ಬಾಯ್ಮಾತಾ?”

ಆ ಪ್ರಶ್ನೆಗೆ ಉತ್ತರ ನಮ್ಮ ಮೂವರ ಕೈಯಲ್ಲಷ್ಟೇ ಇಲ್ಲ.